ಸಾಲುಮನೆಗಳಿಗೆ ಇನ್ಸುಲೇಶನ್ ಎಲ್ಲಿ, ಎಷ್ಟು? ಒಳಬಾಗಿಲು ಯಾವುದು?

ಪ್ರಶ್ನೆ: ದಾವಣಗೆರೆಯ ಹೊರವಲಯದಲ್ಲಿ 24 ಸಾಲುಮನೆಗಳ ಬಡಾವಣೆ ಕಟ್ಟಲು ಹೊರಟಿದ್ದೇವೆ. ಕೆಳಮನೆ, ಮೇಲೊಂದು ಮಹಡಿ. ಒಂದೊಂದು ಮನೆಯ ತಾರಸಿ ಸುಮಾರು 60 ಚದರ ಮೀಟರ್. ಹಿಂದಿನ ಬಡಾವಣೆಯಲ್ಲಿ ಎರಡು ದೂರು ಪದೇ ಪದೇ ಬಂದವು: ಬೇಸಿಗೆಯ ರಾತ್ರಿ ಮಹಡಿಯ ಕೋಣೆಯಲ್ಲಿ ಮಲಗಲು ಆಗುವುದಿಲ್ಲ, ಮಳೆಗಾಲದಲ್ಲಿ ಬಾತ್‌ರೂಮ್ ಬಾಗಿಲು ಊದಿಕೊಂಡು ಮುಚ್ಚುವುದಿಲ್ಲ. ಈ ಸಲ ಎಲ್ಲ ಗೋಡೆಗೂ ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಸಿಮೆಂಟ್ ಬ್ಲಾಕ್), ಎಲ್ಲ ಒಳಬಾಗಿಲಿಗೂ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಎಂದು ಯೋಚಿಸಿದ್ದೇವೆ. ಮನೆಗೆ ಆರು ಬಾಗಿಲು: ಮೂರು ಮಲಗುವ ಕೋಣೆ, ಎರಡು ಬಾತ್‌ರೂಮ್, ಒಂದು ಹಿತ್ತಲಿನ ಯುಟಿಲಿಟಿ. ಇಷ್ಟು ಸಾಕೇ? ತಾರಸಿಗೂ ಇನ್ಸುಲೇಶನ್, ಅಂದರೆ ಶಾಖ ತಡೆಯುವ ಹೊದಿಕೆ ಬೇಕೇ?

ಉತ್ತರ: ತಾರಸಿಗೆ ಬೇಕೇ ಬೇಕು. ಗೋಡೆಯಲ್ಲಿ ಹೊರಗಿನವುಗಳಿಗೆ ಮಾತ್ರ ಎಎಸಿ ಹಾಕಿ, ಮನೆ ಮನೆ ನಡುವಿನ ಗೋಡೆಗೂ ಒಳಗೋಡೆಗೂ ಬೇಡ. ಡಬ್ಲ್ಯೂಪಿಸಿ ಬಾತ್‌ರೂಮಿಗೆ ಸರಿ, ಮಲಗುವ ಕೋಣೆಗೆ ಬೇಡ, ಬಿಸಿಲಿಗೆ ಒಡ್ಡಿಕೊಂಡ ಯುಟಿಲಿಟಿಗೆ ಖಂಡಿತ ಬೇಡ. ಗೋಡೆ ಮತ್ತು ಬಾಗಿಲು ಎರಡನ್ನೂ ಒಂದೇ ಸಲ ಕೂತು ತೀರ್ಮಾನಿಸಿ. ಗೋಡೆ ಎದ್ದ ಮೇಲೆ ಬಾಗಿಲಿನ ಬಗ್ಗೆ ಯೋಚಿಸಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳಿದ್ದೇವೆ.

ಮೊದಲು ತಾರಸಿ. ನಿಮ್ಮ ಮೊದಲ ದೂರಿನ ಮೂಲ ಅಲ್ಲೇ ಇದೆ. ಏಪ್ರಿಲ್ ಮಧ್ಯಾಹ್ನ ಸಿಮೆಂಟ್ ತಾರಸಿಯ ಮೈ 55ರಿಂದ 60 ಡಿಗ್ರಿ ಮುಟ್ಟುತ್ತದೆ. ಆ ಕಾವು ಆರಿಂಚು ಮೋಲ್ಡ್ ಒಳಗೆ ನಿಧಾನವಾಗಿ ಇಳಿದು, ಸಂಜೆ ಏಳು ಎಂಟರ ಹೊತ್ತಿಗೆ ಒಳಛಾವಣಿಗೆ ತಲುಪುತ್ತದೆ. ಹೊರಗೆ ಗಾಳಿ ತಂಪಾಗುವ ಹೊತ್ತಿಗೇ ತಲೆಯ ಮೇಲಿನ ಮೋಲ್ಡ್ ಕಾವು ಬಿಡಲು ಶುರುಮಾಡುತ್ತದೆ. ಫ್ಯಾನ್ ಹಾಕಿದರೆ ಅದೇ ಬಿಸಿಗಾಳಿ ಕೆಳಗೆ ಬರುತ್ತದೆ. ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಈ ತಾಪತ್ರಯ ಇರಲಿಲ್ಲ. ಜಂತೆಯ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆ ಇತ್ತು. ಆರ್‌ಸಿಸಿ ಬಂದಾಗ ಆ ಹೊದಿಕೆ ಹೋಯಿತು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

ಲೆಕ್ಕ ನೋಡಿ. 150 ಮಿಮೀ ಮೋಲ್ಡ್, ಮೇಲೆ 75 ಮಿಮೀ ಗಾರೆ, ಕೆಳಗೆ ಪ್ಲಾಸ್ಟರ್ ಇರುವ ಸಾದಾ ತಾರಸಿಯ ಯು-ಮೌಲ್ಯ ಸುಮಾರು 2.4 ಬರುತ್ತದೆ. ಒಂದು ಚದರ ಮೀಟರ್ ಮೂಲಕ, ಹೊರಗೂ ಒಳಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, 2.4 ವಾಟ್ ಶಾಖ ಒಳಬರುತ್ತದೆ ಎಂದರ್ಥ. ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ತಂದ ಇಕೊ ನಿವಾಸ್ ಸಂಹಿತೆ ಛಾವಣಿಗೆ ಹಾಕಿರುವ ಮಿತಿ 1.2. ಈ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನದ ವಸತಿ ಯೋಜನೆಗಳನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಮಿತಿ ಮುಟ್ಟುವುದಕ್ಕೆ 15 ಮಿಮೀ ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರಿನ್ ಫೋಮ್) ಹಲಗೆಯೇ ಸಾಕು. ಆದರೆ ಅಲ್ಲಿಗೇ ನಿಲ್ಲಬೇಡಿ, 50 ಮಿಮೀ ಹಾಕಿ. ಆಗ ಯು-ಮೌಲ್ಯ 0.5ರ ಆಸುಪಾಸಿಗೆ, ಅಂದರೆ ಸಾದಾ ತಾರಸಿಯ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಲಗೆ ಹಾಸುವ ಕೂಲಿ, ಮೇಲಿನ ಗಾರೆ, ಜಾಲರಿ ಎಲ್ಲದರ ಖರ್ಚು 15 ಮಿಮೀಗೂ ಅಷ್ಟೇ, 50 ಮಿಮೀಗೂ ಅಷ್ಟೇ. ಹೆಚ್ಚಾಗುವುದು ಹಲಗೆಯ ಬೆಲೆ ಮಾತ್ರ.

ಇಟ್ಟಿಗೆ ಚೂರಿನ ಕೋಬಾ ಹಾಕಿದರೆ ತಂಪಲ್ಲವೇ ಎಂದು ಮೇಸ್ತ್ರಿಗಳು ಕೇಳುತ್ತಾರೆ. ಕೋಬಾ ಇಳಿಜಾರು ಕೊಡಲು ಒಳ್ಳೆಯದು, ಶಾಖ ತಡೆಯಲು ಅಲ್ಲ. 50 ಮಿಮೀ ಎಕ್ಸ್‌ಪಿಎಸ್ ತಡೆಯುವಷ್ಟು ಶಾಖ ತಡೆಯಬೇಕಾದರೆ ಕೋಬಾ ಒಂದೂಕಾಲು ಮೀಟರಿಗೂ ಹೆಚ್ಚು ದಪ್ಪ ಬೇಕು. ಒಳಛಾವಣಿಗೆ ಅಂಟಿಸುವ ಬೆಳ್ಳಿ ಬಣ್ಣದ ಗುಳ್ಳೆ ಹಾಳೆಯದೂ ಹೀಗೆಯೇ. ಹೊಳೆಯುವ ಮುಖದ ಎದುರು ಗಾಳಿಯ ಅಂತರ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕಾಂಕ್ರೀಟಿಗೂ ಪ್ಲಾಸ್ಟರಿಗೂ ನಡುವೆ ಸಿಕ್ಕಿಸಿದರೆ ಹಾಳೆಯ ಬೆಲೆಯೂ ಹುಟ್ಟುವುದಿಲ್ಲ. ಇನ್ಸುಲೇಶನ್ ಮೋಲ್ಡ್ ಕೆಳಗಲ್ಲ, ಮೇಲಿರಬೇಕು. ಕೆಳಗೆ ಹಾಕಿದರೆ ಮೋಲ್ಡ್ ದಿನವೂ ಕಾದು ಹಿಗ್ಗಿ, ರಾತ್ರಿ ಕುಗ್ಗಿ, ಪ್ಯಾರಾಪೆಟ್ ಸೇರುವ ಕಡೆ ಬಿರುಕು ಬಿಡುತ್ತದೆ. ಆ ಬಿರುಕೇ ಮುಂದೆ ಸೋರುವ ಜಾಗ.

ಹಾಸುವ ಕ್ರಮ ಹೀಗಿರಲಿ. ಮೋಲ್ಡ್ ಮೇಲೆ ನೂರಕ್ಕೆ ಒಂದರ ಇಳಿಜಾರಿನಲ್ಲಿ ಗಾರೆ. ಪ್ಯಾರಾಪೆಟ್ ಬುಡಕ್ಕೆ ಸುತ್ತಲೂ ವಾಟಾ (ಮೂಲೆಗೆ ಓರೆಯಾಗಿ ತುಂಬುವ ಗಾರೆ). ಅದರ ಮೇಲೆ ವಾಟರ್‌ಪ್ರೂಫಿಂಗ್, ಪ್ಯಾರಾಪೆಟ್ ಮೇಲೂ 300 ಮಿಮೀ ಹತ್ತಬೇಕು. ಮೂರು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನಿಂದ ಒಳಛಾವಣಿಯನ್ನು ಪರೀಕ್ಷಿಸಿ. ಈ ಪರೀಕ್ಷೆ ಆಗದೆ ಒಂದು ಹಲಗೆಯನ್ನೂ ಮೇಲೆ ಹತ್ತಿಸಬೇಡಿ. ಆಮೇಲೆ ಸೋರಿದರೆ ಎಲ್ಲವನ್ನೂ ಕಿತ್ತು ಹುಡುಕಬೇಕು. ನಂತರ ಹಲಗೆಗಳನ್ನು ಇಟ್ಟಿಗೆ ಕಟ್ಟಿದ ಹಾಗೆ ಜೋಡಣೆ ತಪ್ಪಿಸಿ ಹಾಸಿ. ಅಂಚು ಒಂದರ ಮೇಲೊಂದು ಕೂರುವ ಶಿಪ್‌ಲ್ಯಾಪ್ ಮಾದರಿಯನ್ನೇ ಕೇಳಿ ಪಡೆಯಿರಿ. ಮೇಲೆ ಜಿಯೊಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಜಾಲರಿ ಇಟ್ಟ 50 ಮಿಮೀ ಗಾರೆ, ಕೊನೆಗೆ ಬಿಳಿ ಟೈಲ್ ಅಥವಾ ಬಿಳಿ ಚೀನಾ ಮೊಸಾಯಿಕ್. ಗಾರೆಯನ್ನು 3 ಮೀಟರ್ ಚೌಕಗಳಾಗಿ ಕತ್ತರಿಸಿ 10 ಮಿಮೀ ಸಂದಿ ಬಿಡಿ, ಪ್ಯಾರಾಪೆಟ್ ಬುಡದಲ್ಲಿ 20 ಮಿಮೀ. ಸಂದಿಗಳಿಗೆ ಸೀಲೆಂಟ್ ತುಂಬಿ. ಈ ಸಂದಿ ಬಿಡದಿದ್ದರೆ ಮೇಲಿನ ಗಾರೆ ಹಿಗ್ಗಿ ಪ್ಯಾರಾಪೆಟ್ಟನ್ನೇ ಹೊರಕ್ಕೆ ತಳ್ಳುತ್ತದೆ. ಮಳೆನೀರಿನ ಪೈಪಿನ ಬಾಯಿ ಎರಡು ಮಟ್ಟದ ನೀರನ್ನೂ ತೆಗೆದುಕೊಳ್ಳುವಂತಿರಲಿ: ಟೈಲ್ ಮೇಲೆ ಹರಿಯುವ ನೀರು, ಹಲಗೆಯ ಕೆಳಗೆ ಸೇರಿ ವಾಟರ್‌ಪ್ರೂಫಿಂಗ್ ಮೇಲೆ ಹರಿಯುವ ನೀರು. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ.

ಈ 50 ಮಿಮೀ ಗಾರೆ ಚದರ ಮೀಟರಿಗೆ 100 ಕೆಜಿಗೂ ಮೀರಿದ ಭಾರ. ಸ್ಟ್ರಕ್ಚರಲ್ ಎಂಜಿನಿಯರ್ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ ಎಂದು ಮೊದಲೇ ಕೇಳಿ. ಸೋಲಾರ್ ವಾಟರ್ ಹೀಟರ್, ಸಿಂಟೆಕ್ಸ್ ಟ್ಯಾಂಕ್, ಬಟ್ಟೆ ಒಣಹಾಕುವ ಕಂಬ ಇವುಗಳಿಗೆ ಬೇಕಾದ ಕಾಂಕ್ರೀಟ್ ಪೀಠಗಳನ್ನು ವಾಟರ್‌ಪ್ರೂಫಿಂಗಿಗೆ ಮುಂಚೆಯೇ ಕಟ್ಟಿಸಿ. ಮನೆ ಕೊಂಡವರು ಆರು ತಿಂಗಳಿಗೆ ಡ್ರಿಲ್ ಹಿಡಿದು ತಾರಸಿಗೆ ಬೋಲ್ಟ್ ಹೊಡೆಸಿದರೆ ನಿಮ್ಮ ಅಷ್ಟೂ ಕೆಲಸಕ್ಕೆ ತೂತು ಬಿದ್ದಂತೆ.

ಪ್ರಮಾಣ: 1250 × 600 ಮಿಮೀ ಹಲಗೆ ಒಂದಕ್ಕೆ 0.75 ಚದರ ಮೀಟರ್. ಮನೆಗೆ 80, ಶೇ 5 ವೇಸ್ಟೇಜ್ ಸೇರಿ 84. ಇಪ್ಪತ್ನಾಲ್ಕು ಮನೆಗೆ 2,016. ಸಾಂದ್ರತೆ ಘನ ಮೀಟರಿಗೆ 32–36 ಕೆಜಿ, ಒತ್ತಡ ತಾಳುವ ಶಕ್ತಿ ಕನಿಷ್ಠ 250 ಕಿಲೊಪಾಸ್ಕಲ್ ಎಂದು ಪರ್ಚೇಸ್ ಆರ್ಡರಿನಲ್ಲೇ ಬರೆಸಿ. ಲಾರಿ ಬಂದಾಗ ಬೇರೆ ಬೇರೆ ಕಟ್ಟಿನಿಂದ ಹತ್ತು ಹಲಗೆ ತೆಗೆದು ಒಟ್ಟಿಗೆ ತೂಗಿ. 50 ಮಿಮೀ ದಪ್ಪದ ಹತ್ತು ಹಲಗೆ 12 ಕೆಜಿಯಿಂದ 13.5 ಕೆಜಿ ಬರಬೇಕು. ಒಂಬತ್ತೋ ಹತ್ತೋ ಕೆಜಿ ಬಂದರೆ ಇಳಿಸಿಕೊಳ್ಳಬೇಡಿ. ಅದು ಕಾಲಿಗೇ ತಗ್ಗು ಬೀಳುವ ಮಾಲು. ಎಕ್ಸ್‌ಪಿಎಸ್ ಹಲಗೆ ಇಷ್ಟು ಹಗುರವಾದ್ದರಿಂದ ಗಾಳಿಗೆ ಹಾರುತ್ತದೆ, ಬಿಸಿಲಿಗೆ ವಾರಗಟ್ಟಲೆ ಬಿಟ್ಟರೆ ಮೇಲ್ಮೈ ಹಳದಿಯಾಗಿ ಪುಡಿಯಾಗುತ್ತದೆ. ಒಂದು ದಿನಕ್ಕೆ ಎಷ್ಟು ಮುಚ್ಚಲು ಸಾಧ್ಯವೋ ಅಷ್ಟನ್ನೇ ಹಾಸಿ. ಸುಮಾರು 75 ಡಿಗ್ರಿಗೆ ಮೆತ್ತಗಾಗುವ ವಸ್ತು ಇದು. ಹತ್ತಿರದಲ್ಲಿ ಟಾರ್ಚ್ ಉರಿಸಿ ಟಾರ್ ಶೀಟ್ ಅಂಟಿಸುವುದು ಬೇಡ. ಥಿನ್ನರ್ ಬೆರೆತ ಅಂಟು ತಾಗಿದರೂ ಕರಗಿಹೋಗುತ್ತದೆ. ಬೆಲೆ ಕಡಿಮೆ ಎಂದು ಥರ್ಮೊಕೋಲ್, ಅಂದರೆ ಇಪಿಎಸ್ ಕೊಡಲು ಬರುತ್ತಾರೆ. ಈ ಕ್ರಮದಲ್ಲಿ ಹಲಗೆ ವಾಟರ್‌ಪ್ರೂಫಿಂಗಿನ ಮೇಲಿದ್ದು ಮಳೆನೀರಲ್ಲಿ ನೆನೆಯುತ್ತದೆ. ಥರ್ಮೊಕೋಲ್ ನೀರು ಹೀರುತ್ತದೆ, ಹೀರಿದ ಮೇಲೆ ಶಾಖ ತಡೆಯುವ ಗುಣ ಕುಂದುತ್ತದೆ.

ಇನ್ನು ಗೋಡೆ. 200 ಮಿಮೀ ಸಾಲಿಡ್ ಕಾಂಕ್ರೀಟ್ ಬ್ಲಾಕ್ ಗೋಡೆಯ ಯು-ಮೌಲ್ಯ ಸುಮಾರು 2.8, ಅದೇ ದಪ್ಪದ ಎಎಸಿಯದು ಸುಮಾರು 0.75. ಹೊರಗೋಡೆಗೆ ಎಎಸಿ ಹಾಕುವ ನಿಮ್ಮ ಯೋಚನೆ ಸರಿಯಾಗಿದೆ, ಅದರ ಮೇಲೆ ಬೇರೆ ಇನ್ಸುಲೇಶನ್ ಬೇಕಿಲ್ಲ. ಆದರೆ ಸಾಲುಮನೆಯ ಅಕ್ಕಪಕ್ಕದ ಗೋಡೆಗಳಿಗೆ ಬಿಸಿಲೇ ಬೀಳುವುದಿಲ್ಲ. ಆಚೆ ಇರುವುದು ಇನ್ನೊಂದು ಮನೆ. ಅಲ್ಲಿನ ಸಮಸ್ಯೆ ಸದ್ದು. ಸದ್ದನ್ನು ತಡೆಯುವುದು ತೂಕ. 200 ಮಿಮೀ ಸಾಲಿಡ್ ಬ್ಲಾಕ್ ಚದರ ಮೀಟರಿಗೆ 400 ಕೆಜಿ ತೂಗಿದರೆ ಎಎಸಿ 120 ಕೆಜಿ. ಪಕ್ಕದ ಮನೆಯ ಕುಕ್ಕರ್ ಸೀಟಿ, ಟಿವಿ, ಮಗು ಅಳುವುದು ಎಲ್ಲ ಎಎಸಿ ಗೋಡೆ ದಾಟಿ ಬರುತ್ತವೆ, ಕೊಂಡವರ ಮುಂದಿನ ದೂರು ಅದೇ ಆಗುತ್ತದೆ. ಹಾಗಾಗಿ ನಡುಗೋಡೆ 200 ಮಿಮೀ ಸಾಲಿಡ್ ಬ್ಲಾಕ್ ಇರಲಿ, ನಿಲುಸಂದಿಗಳಲ್ಲಿ ಗಾರೆ ಪೂರ್ತಿ ತುಂಬಿರಲಿ, ಎರಡೂ ಕಡೆ ಪ್ಲಾಸ್ಟರ್ ಆಗಲಿ. ಎರಡು ಮನೆಯ ಸ್ವಿಚ್ ಪೆಟ್ಟಿಗೆಗಳು ಒಂದೇ ಜಾಗದಲ್ಲಿ ಬೆನ್ನಿಗೆ ಬೆನ್ನು ಬರದಂತೆ ಕನಿಷ್ಠ ಒಂದಡಿ ಆಚೀಚೆ ಸರಿಸಿ. ಇದನ್ನು ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವ ಮುಂಚೆ ಹೇಳಬೇಕು.

ಸಾಲಿನ ತುದಿಯ ಮನೆಗಳ ಪಕ್ಕದ ಗೋಡೆ ಮಾತ್ರ ಹೊರಗೋಡೆ, ಅದಕ್ಕೆ ಎಎಸಿ. ಪಶ್ಚಿಮಕ್ಕೆ ಕಿಟಕಿ ಇದ್ದರೆ ಮೇಲಿನ ಸಜ್ಜಾ ಎಷ್ಟೇ ಉದ್ದವಿರಲಿ, ಸಂಜೆ ನಾಲ್ಕರ ಬಿಸಿಲು ಕೆಳಗಿನಿಂದ ನುಗ್ಗುತ್ತದೆ. ಪಕ್ಕಕ್ಕೆ ನಿಲುವು ರೆಕ್ಕೆ ಇಲ್ಲವೇ ಹೊರಗಿನ ಷಟರ್ ಬೇಕು. ನೇರ ಬಿಸಿಲು ಬೀಳುವ ಗಾಜಿನ ಮೂಲಕ ಬರುವ ಶಾಖ ಅಷ್ಟೇ ಅಗಲದ ಎಎಸಿ ಗೋಡೆಯಿಂದ ಬರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಎಎಸಿ ಕೆಲಸದಲ್ಲಿ ಕೆಡುವುದು ಎಲ್ಲಿ ಎಂದರೆ ಬ್ಲಾಕ್ ಮತ್ತು ಕಾಂಕ್ರೀಟ್ ಸೇರುವ ಗೆರೆಯಲ್ಲಿ. ಬೀಮ್, ಕಂಬದ ಅಂಚಿಗೆ ಒಂದಡಿ ಅಗಲದ ಫೈಬರ್ ಜಾಲರಿ ಎರಡೂ ಕಡೆಗೆ ಸಮನಾಗಿ ಹತ್ತುವಂತೆ ಹಾಕಿ ಪ್ಲಾಸ್ಟರ್ ಮಾಡಿ. ಕಟ್ಟುವಾಗ 3 ಮಿಮೀ ಜಾಯಿಂಟಿಂಗ್ ಅಂಟನ್ನೇ ಬಳಸಿ. ಬ್ಲಾಕನ್ನು ತೊಟ್ಟಿಯಲ್ಲಿ ಅದ್ದಬೇಡಿ, ಮೈ ಒರೆಸಿದಷ್ಟು ತೇವ ಸಾಕು. ನೆನೆದ ಬ್ಲಾಕ್ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಪ್ಲಾಸ್ಟರಿಗೆ ಒಂದಕ್ಕೆ ಆರರ ಮಿಶ್ರಣ ಸಾಕು. ಸಿಮೆಂಟ್ ಹೆಚ್ಚಾದಷ್ಟೂ ಬಿರುಕು ಹೆಚ್ಚು.

ಒಳಗೋಡೆಗೆ ಎಎಸಿ ಬೇಡ ಎಂದದ್ದಕ್ಕೆ ಕಾರಣ ಬಾಗಿಲು. ಒಳಗೋಡೆಯ ಎರಡೂ ಕಡೆ ಒಂದೇ ಉಷ್ಣತೆ, ಎಎಸಿಯಿಂದ ತಂಪಿನ ಲಾಭ ಏನೂ ಇಲ್ಲ. ಆದರೆ 100 ಮಿಮೀ ಎಎಸಿಯಲ್ಲಿ ಹೂತ ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿ) ಬಾಗಿಲು ಬಡಿದ ಹಾಗೆಲ್ಲ ಅಲುಗಾಡಿ, ಸುತ್ತಲಿನ ಬ್ಲಾಕ್ ಪುಡಿಯಾಗುತ್ತದೆ. ಗಾಳಿಗೆ ಬಾಗಿಲು ನಾಲ್ಕು ಸಲ ಧಡಾರೆಂದು ಬಡಿದರೆ ಬಾಗಿಲವಾಡದ ಪಕ್ಕ ಪ್ಲಾಸ್ಟರಿನಲ್ಲಿ ನೆಟ್ಟಗೆ ಒಂದು ಕೂದಲೆಳೆ ಗೆರೆ ಕಾಣಿಸುತ್ತದೆ. ವರ್ಷ ಕಳೆಯುವಷ್ಟರಲ್ಲಿ ಚೌಕಟ್ಟನ್ನು ಕೈಯಲ್ಲಿ ಅಲ್ಲಾಡಿಸಬಹುದು. 100 ಮಿಮೀ ಸಾಲಿಡ್ ಬ್ಲಾಕಿನ ಒಳಗೋಡೆಗೆ ಈ ಕಾಟ ಇಲ್ಲ, ಕೋಣೆ ಕೋಣೆ ನಡುವಿನ ಸದ್ದಿಗೂ ಅದು ಮೇಲು. ಎಎಸಿ ಹೊರಗೋಡೆಯಲ್ಲಿ ಬರುವ ಯುಟಿಲಿಟಿ ಬಾಗಿಲಿಗೆ ಮಾತ್ರ, ಹೋಲ್ಡ್‌ಫಾಸ್ಟ್ ಬರುವ ಮೂರು ಮಟ್ಟದಲ್ಲಿ ಎಎಸಿ ಬದಲು ಕಾಂಕ್ರೀಟ್ ಬ್ಲಾಕ್ ಕೂರಿಸಿ. ಗೋಡೆ ಏಳುವ ಮುಂಚೆಯೇ ಚೌಕಟ್ಟಿನ ಎತ್ತರ ಗೊತ್ತಿರಬೇಕು ಎಂದು ಮೊದಲು ಹೇಳಿದ್ದು ಇದಕ್ಕೇ.

ಬಾಗಿಲ ಅಗಲದ ಬಗ್ಗೆ ಒಂದು ಮಾತು, ದಯವಿಟ್ಟು ನಕ್ಷೆಯಲ್ಲೇ ಸರಿಪಡಿಸಿಕೊಳ್ಳಿ. ಬಾತ್‌ರೂಮಿಗೆ ಎರಡೂವರೆ ಅಡಿ ಬಾಗಿಲು ಎನ್ನುವುದು ರೂಢಿ. 750 ಮಿಮೀ ಚೌಕಟ್ಟಿನಲ್ಲಿ ಎರಡೂ ಕಡೆ 65 ಮಿಮೀ ಮರ ಹೋದರೆ ಉಳಿಯುವುದು 620. ಬಾಗಿಲು ತೆರೆದಾಗ ಅದರ ದಪ್ಪವೂ ಆ ದಾರಿಗೆ ಅಡ್ಡ ಬರಬಹುದು. ವಾಕರ್ ಹಿಡಿದ ಅಜ್ಜಿ ಒಳಹೋಗಲಾರರು. ಕನಿಷ್ಠ ಕೆಳಮನೆಯ ಬಾತ್‌ರೂಮಿಗೆ 900, ಮಲಗುವ ಕೋಣೆಗೆ 1000 ಮಿಮೀ ಚೌಕಟ್ಟು ಇಡಿ. ಇದಕ್ಕೆ ತಗಲುವ ಹೆಚ್ಚುವರಿ ಖರ್ಚು ಬಹಳ ಸಣ್ಣದು. ಆಮೇಲೆ ಗೋಡೆ ಒಡೆದು ಅಗಲ ಮಾಡುವುದು ಮನೆಯವರಿಗೆ ದೊಡ್ಡ ಸಂಕಟ.

ಮಲಗುವ ಕೋಣೆಗೆ ಸಾಲಿಡ್ ಕೋರ್ ಫ್ಲಶ್ ಡೋರ್ (ಒಳಗೆ ಮರದ ಪಟ್ಟಿ ತುಂಬಿದ ಸಪಾಟು ಕದ) ಹಾಕಿ. ದಪ್ಪ 32 ಅಥವಾ 35 ಮಿಮೀ ಇರಲಿ, ಫ್ಲಶ್ ಡೋರಿನ ಭಾರತೀಯ ಮಾನದಂಡವಾದ ಐಎಸ್ 2202 ಮುದ್ರೆ ಪ್ರತಿ ಕದದ ಮೇಲೂ ಇರಲಿ. ಡಬ್ಲ್ಯೂಪಿಸಿ ಯಾಕೆ ಬೇಡ ಎಂದರೆ, ಅಗಲ ಹೆಚ್ಚಾದಂತೆ ಅದು ಭಾರಕ್ಕೆ ಬಾಗುತ್ತದೆ, ಸ್ಕ್ರೂ ಹಿಡಿತವೂ ಮರದಷ್ಟಿಲ್ಲ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವ ಅಗಲದ ಕದಕ್ಕೆ ಹೊಂದುವುದಿಲ್ಲ.

ಫ್ಲಶ್ ಡೋರಿನ ಗುಣ ಅದರ ಮುಖದಲ್ಲಿಲ್ಲ, ಅಂಚಿನಲ್ಲಿದೆ. ಲ್ಯಾಮಿನೇಟ್ ಎಷ್ಟು ಚೆಂದ ಎಂದು ಶೋರೂಮಿನಲ್ಲಿ ನೋಡಿ ಬಂದರೆ ಏನೂ ತಿಳಿಯದು. ನೀವು ಕೊಳ್ಳುವುದು 72 ಕದ. ಮೊದಲ ಲೋಡಿನಿಂದ ನೀವೇ ಆರಿಸಿದ ಒಂದನ್ನು ಅಡ್ಡಕ್ಕೆ ಕುಯ್ಯಿಸಿ. ಒಳಗಿನ ಪಟ್ಟಿಗಳ ನಡುವೆ ಬೆರಳು ತೂರುವಂಥ ಸಂದಿ ಇದೆಯೇ? ಸುತ್ತಲಿನ ಗಟ್ಟಿ ಮರದ ಚೌಕಟ್ಟು ಒಂದೇ ಜಾತಿಯ ಒಣಮರವೇ, ಚೂರುಗಳ ಜೋಡಣೆಯೇ? ಲಾಕ್ ಬರುವ ಎತ್ತರದಲ್ಲಿ ಗಟ್ಟಿ ಮರವಿದೆಯೇ? ಕುಯ್ದ ತುಂಡನ್ನು ಬಕೆಟ್ಟಿನಲ್ಲಿ ಒಂದು ದಿನ ನೀರಲ್ಲಿ ನಿಲ್ಲಿಸಿ, ಒಂದು ದಿನ ನೆರಳಲ್ಲಿ ಒಣಗಿಸಿ. ಹೀಗೆ ಮೂರು ನಾಲ್ಕು ಸುತ್ತು ಮಾಡಿ. ಪದರ ಬಾಯಿ ಬಿಟ್ಟರೆ ಇಡೀ ಲೋಡ್ ವಾಪಸ್. ಐಎಸ್ ಮಾನದಂಡದಲ್ಲೂ ಕದದ ತುದಿಯನ್ನು ನೀರಲ್ಲಿ ನಿಲ್ಲಿಸಿ ಒಣಗಿಸುವ ಪರೀಕ್ಷೆ ಇದೆ. ಇದು ಸೈಟಿನಲ್ಲಿ ಮಾಡಬಹುದಾದ ಅದರ ಸರಳ ರೂಪ. ಒಂದು ಕದ ಹೋದರೂ 71 ಉಳಿಯುತ್ತವೆ.

ಈಗ ನಿಮ್ಮ ಎರಡನೇ ದೂರು. ಬಾಗಿಲು ಊದಿದ್ದಕ್ಕೆ ಮಳೆಯನ್ನು ದೂರುತ್ತಾರೆ, ಆದರೆ ತಪ್ಪು ನಡೆಯುವುದು ಟೈಲ್ ಹಾಕಿದ ದಿನ. ಕದ ಮೊದಲೇ ತೂಗುಹಾಕಿರುತ್ತಾರೆ. ಟೈಲ್ ಕೂತ ಮೇಲೆ ಕೆಳಗೆ ತಾಗುತ್ತದೆ. ಆಚಾರಿ ಕದ ಬಿಚ್ಚಿ ಕೆಳಗಿನಿಂದ ಅರ್ಧ ಇಂಚು ಕುಯ್ದು ಹಾಗೇ ಮತ್ತೆ ಹಾಕುತ್ತಾರೆ. ಆ ಕುಯ್ದ ಅಂಚಿಗೆ ಪ್ರೈಮರ್ ಇಲ್ಲ, ಬಣ್ಣ ಇಲ್ಲ, ಬಗ್ಗಿ ನೋಡುವವರೂ ಇಲ್ಲ. ನೆಲ ತೊಳೆದ ನೀರು ದಿನವೂ ಅಲ್ಲಿಂದ ಮೇಲೇರುತ್ತದೆ. ಕೆಳಗಿನ ಮೂಲೆಯನ್ನು ಬೆರಳಿಂದ ಒತ್ತಿ ನೋಡಿ: ಮೇಲಿನ ಹಾಳೆ ಗುಳ್ಳೆ ಎದ್ದಿರುತ್ತದೆ, ಒತ್ತಿದರೆ ಒಳಗೆ ಕುಸಿಯುತ್ತದೆ. ಆದ್ದರಿಂದ ಪ್ಲಾಸ್ಟರ್ ಆದ ಕೂಡಲೇ ಪ್ರತಿ ಕೋಣೆಯ ಗೋಡೆಗೂ ಟ್ಯೂಬ್ ಲೆವೆಲ್ ಹಿಡಿದು ಮುಗಿದ ನೆಲದಿಂದ ಒಂದು ಮೀಟರ್ ಗೆರೆ ಹಾಕಿಸಿ. ಚೌಕಟ್ಟೂ ಟೈಲೂ ಅದೇ ಗೆರೆಯಿಂದ ಅಳತೆ ಹಿಡಿಯಲಿ. ಕದದ ಆರ್ಡರ್ ಟೈಲ್ ಕೂತ ಮೇಲೆ, ಪ್ರತಿ ಚೌಕಟ್ಟನ್ನೂ ಅಳೆದು ಕೊಡಿ. ಅಂಚಿನಿಂದ 5–6 ಮಿಮೀಗಿಂತ ಹೆಚ್ಚು ಕೆತ್ತುವ ಪ್ರಸಂಗ ಬರಬಾರದು. ತೂಗುಹಾಕುವ ಮುಂಚೆ ಆರೂ ಮುಖಕ್ಕೆ ಪ್ರೈಮರ್ ಬಳಿಯಲಿ. ಮೇಲಿನ ಅಂಚು, ಕೆಳಗಿನ ಅಂಚು, ಲಾಕ್ ಕೊರೆದ ತೂತಿನ ಒಳಗೂ ಬಳಿಯಬೇಕು.

ಬಾತ್‌ರೂಮಿಗೆ 30 ಮಿಮೀ ಡಬ್ಲ್ಯೂಪಿಸಿ ಕದ ಸರಿ. ಚೌಕಟ್ಟು ಡಬ್ಲ್ಯೂಪಿಸಿ ಅಥವಾ ನಮ್ಮಲ್ಲಿ ರೂಢಿಯಿರುವ ಗ್ರಾನೈಟ್. ಚೌಕಟ್ಟಿನ ಕಾಲನ್ನು ನೆಲದೊಳಗೆ ಹೂಳದೆ ಗ್ರಾನೈಟ್ ಹೊಸ್ತಿಲಿನ ಮೇಲೆ ನಿಲ್ಲಿಸಿ. ವಾಕರ್ ದಾಟುವಂತೆ ಹೊಸ್ತಿಲಿನ ಅಂಚು ಇಳಿಜಾರಾಗಿ, ತಗ್ಗಾಗಿ ಇರಲಿ. ಡಬ್ಲ್ಯೂಪಿಸಿಯಲ್ಲಿ ಮೋಸ ನಡೆಯುವುದು ಸಾಂದ್ರತೆಯಲ್ಲಿ. 750 × 2100 × 30 ಮಿಮೀ ಕದ ಘನ ಮೀಟರಿಗೆ 600 ಕೆಜಿ ಲೆಕ್ಕದಲ್ಲಿ 28 ಕೆಜಿ ಬರಬೇಕು. 20 ಕೆಜಿ ಬಂದರೆ ಅದರಲ್ಲಿ ಗಾಳಿಯೇ ಹೆಚ್ಚು, ಕೀಲಿನ ಸ್ಕ್ರೂ ಎರಡು ವರ್ಷವೂ ನಿಲ್ಲದು. ಸ್ಕ್ರೂ ಹಾಕುವ ಮುಂಚೆ ಸಣ್ಣ ತೂತು ಕೊರೆಯಲೇಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಸ್ಕ್ರೂ ಸಡಿಲವಾಗುವುದು ಖಚಿತ.

ಯುಟಿಲಿಟಿ ಬಾಗಿಲು ಒಂದು ಕಡೆ ಮಳೆ ಬಿಸಿಲು, ಇನ್ನೊಂದು ಕಡೆ ಅಡುಗೆಮನೆ. ಡಬ್ಲ್ಯೂಪಿಸಿಗೆ ಗಾಢ ಬಣ್ಣದ ಹಾಳೆ ಅಂಟಿಸಿ ಬಿಸಿಲಿಗೆ ಒಡ್ಡಿದರೆ ಹೊರಮುಖ ಮಾತ್ರ ಹಿಗ್ಗಿ ಕದ ಬಿಲ್ಲಿನಂತೆ ಬಾಗುತ್ತದೆ, ಚಿಲಕ ಕೂರುವುದಿಲ್ಲ. ಅಲ್ಲಿಗೆ ಅಲ್ಯುಮಿನಿಯಂ, ಎಫ್‌ಆರ್‌ಪಿ (ಫೈಬರ್ ಸೇರಿಸಿ ಬಲಪಡಿಸಿದ ಪ್ಲಾಸ್ಟಿಕ್) ಅಥವಾ ಸ್ಟೀಲ್ ಕದ ಹಾಕಿ, ಬಣ್ಣ ತಿಳಿಯಾಗಿರಲಿ.

ಮರದ ಚೌಕಟ್ಟಿಗೆ ಹೊನ್ನೆ, ಮತ್ತಿ, ಸಾಲ್ ಯಾವುದಾದರೂ ಆದೀತು, ಮರ ಒಣಗಿರಬೇಕು ಅಷ್ಟೇ. ತೇವಾಂಶ ಮೀಟರ್ ಚುಚ್ಚಿ ಶೇ 12ರ ಆಸುಪಾಸು ಇದ್ದರೆ ತೆಗೆದುಕೊಳ್ಳಿ. ಹಸಿ ಮರ ಮೊದಲ ಬೇಸಿಗೆಗೇ ತಿರುಚಿಕೊಂಡರೆ ಎಂಥ ಒಳ್ಳೆಯ ಕದವೂ ಸರಿಯಾಗಿ ಕೂರದು. 35 ಮಿಮೀ ಕದ 30 ಕೆಜಿ ಮೀರುತ್ತದೆ. ನಾಲ್ಕಿಂಚಿನ ಮೂರು ಕೀಲು ಬೇಕು, ಎರಡು ಸಾಲದು. ಪಕ್ಕ ಮತ್ತು ಮೇಲೆ 2–3 ಮಿಮೀ, ಕೆಳಗೆ 6–8 ಮಿಮೀ ಸಂದಿ ಬಿಡಿ. ಎಸಿ ಹಾಕುವ ಕೋಣೆಗೂ ಅಷ್ಟೇ ಸಾಕು. ಕದಗಳನ್ನು ಸೈಟಿಗೆ ತರಿಸುವುದು ಪ್ಲಾಸ್ಟರ್ ಒಣಗಿ, ಕಿಟಕಿಗಳಿಗೆ ಗಾಜು ಕೂತ ಮೇಲೆ. ಬಂದವನ್ನು ಗೋಡೆಗೆ ಒರಗಿಸದೆ, ನೆಲದಿಂದ ನಾಲ್ಕಿಂಚು ಮೇಲೆ ಮೂರು ಸಮಮಟ್ಟದ ರೀಪರುಗಳ ಮೇಲೆ ಅಡ್ಡಲಾಗಿ ಪೇರಿಸಿ, ಬಣ್ಣ ಆಗುವವರೆಗೂ ನೀರು ಬೀಳದಂತೆ ಮುಚ್ಚಿಡಿ.